ಗಣಕಯಂತ್ರವನ್ನು ಮರೆಯಾಗಿಸಲು ಹೊರಟಿದ್ದ ವಿಜ್ಞಾನಿ ಮಾರ್ಕ್ ವೈಸರ್

ಕತ್ತಲೆಯ ಕೋಣೆಗೆ ಕಾಲಿಟ್ಟರೆ ಮೊಬೈಲ್ ಫೋನಿನ ಪರದೆ ತಾನಾಗಿಯೇ ಬೆಳಕನ್ನು ತಗ್ಗಿಸಿಕೊಳ್ಳುತ್ತದೆ. ಕಿವಿಗೆ ಹಿಡಿದು ಮಾತನಾಡತೊಡಗಿದರೆ ಪರದೆ ಆರಿಹೋಗುತ್ತದೆ. ಹುಬ್ಬಳ್ಳಿಯಿಂದ ಮಂಗಳೂರಿಗೆ ಹೋದವರ ಫೋನಿನಲ್ಲಿ ಹವಾಮಾನ ವರದಿಯೂ ಊರು ಬದಲಿಸುತ್ತದೆ. ಇದಕ್ಕೆಲ್ಲ ಯಾರೂ ಆಜ್ಞೆ ಕೊಟ್ಟಿರುವುದಿಲ್ಲ, ಯಾವ ಗುಂಡಿಯನ್ನೂ ಒತ್ತಿರುವುದಿಲ್ಲ. ಬಳಸುವವನು ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂಬುದನ್ನು ಗಣಕವೇ ಅರಿತು, ಅದಕ್ಕೆ ತಕ್ಕಂತೆ ತನ್ನ ನಡವಳಿಕೆಯನ್ನು ಬದಲಿಸಿಕೊಳ್ಳುತ್ತದೆ. ಸಂದರ್ಭವನ್ನು ಅರಿತು ನಡೆಯುವ ಈ ಬಗೆಯ ಗಣಕ ವ್ಯವಸ್ಥೆ ಇಂದು ನಮಗೆ ಗಾಳಿ ನೀರಿನಷ್ಟೇ ಸಹಜವಾಗಿಬಿಟ್ಟಿದೆ.

ಆದರೆ 1988ರಲ್ಲಿ ಈ ಮಾತನ್ನಾಡಿದವರನ್ನು ಜನರು ಅನುಮಾನದಿಂದಲೇ ನೋಡಬೇಕಾಗಿತ್ತು. ಆಗ ಗಣಕವೆಂದರೆ ಮೇಜಿನ ಮೇಲೆ ಕುಳಿತ ಒಂದು ಪೆಟ್ಟಿಗೆ. ಅದರ ಮುಂದೆ ಕುಳಿತು, ಅದರ ಭಾಷೆಯನ್ನು ಕಲಿತು, ಅದಕ್ಕೆ ಹೊಂದಿಕೊಳ್ಳಬೇಕಾದವನು ಮನುಷ್ಯನೇ ಆಗಿದ್ದನು. ಈ ಸಂಬಂಧವನ್ನು ತಲೆಕೆಳಗು ಮಾಡಬೇಕೆಂದು ಹಟ ತೊಟ್ಟವರು ಅಮೆರಿಕದ ಗಣಕ ವಿಜ್ಞಾನಿ ಮಾರ್ಕ್ ವೈಸರ್. ಮನುಷ್ಯನು ಯಂತ್ರಕ್ಕಲ್ಲ, ಯಂತ್ರವೇ ಮನುಷ್ಯನಿಗೆ ಹೊಂದಿಕೊಳ್ಳಬೇಕು. ಹೊಂದಿಕೊಂಡು ಕಣ್ಣಿಗೆ ಬೀಳದಂತೆ ಹಿಂದೆ ಸರಿಯಬೇಕು ಎಂಬುದು ಅವರ ಜೀವಮಾನದ ಪ್ರತಿಪಾದನೆಯಾಗಿತ್ತು. ಸರ್ವವ್ಯಾಪಿ ಗಣನೆ, ಅಂದರೆ ಯುಬಿಕ್ವಿಟಸ್ ಕಂಪ್ಯೂಟಿಂಗ್ ಎಂಬ ಹೆಸರನ್ನು ಈ ವಿಚಾರಕ್ಕೆ ಇಟ್ಟವರೂ ಅವರೇ. ತಮ್ಮ ಕನಸು ಮನೆಮನೆಗೆ ತಲುಪುವುದನ್ನು ಕಾಣುವ ಮೊದಲೇ, ಕೇವಲ 46ನೆಯ ವಯಸ್ಸಿನಲ್ಲಿ ಅವರು ಕಣ್ಣು ಮುಚ್ಚಿದರು.

ತತ್ತ್ವಶಾಸ್ತ್ರದಿಂದ ಗಣಕದೆಡೆಗೆ

ಮಾರ್ಕ್ ವೈಸರ್ ಅವರು 1952ರ ಜುಲೈ 23ರಂದು ಅಮೆರಿಕದ ಇಲಿನಾಯ್ ರಾಜ್ಯದ ಹಾರ್ವಿ ಎಂಬಲ್ಲಿ ಜನಿಸಿದರು. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್‌ನಲ್ಲಿ. ಕಾಲೇಜು ಸೇರಿದಾಗ ಅವರು ಆರಿಸಿಕೊಂಡದ್ದು ಗಣಿತವನ್ನೂ ಅಲ್ಲ, ಎಂಜಿನಿಯರಿಂಗ್ ಅನ್ನೂ ಅಲ್ಲ. ಫ್ಲಾರಿಡಾದ ನ್ಯೂ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು. ಆ ವ್ಯಾಸಂಗವನ್ನು ಪೂರ್ಣಗೊಳಿಸದೆ ಅವರು ಅಲ್ಲಿಂದ ಹೊರಬಂದರು. ಬಳಿಕ ಮಿಷಿಗನ್‌ಗೆ ಬಂದು ಗಣಕ ಕ್ರಮವಿಧಿಗಳನ್ನು, ಅಂದರೆ ಪ್ರೋಗ್ರಾಂಗಳನ್ನು ಬರೆಯುವ ಕೆಲಸಕ್ಕೆ ಇಳಿದರು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಗಣಕ ಮತ್ತು ಸಂವಹನ ವಿಜ್ಞಾನವನ್ನು ಅಭ್ಯಸಿಸಿ 1976ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1979ರಲ್ಲಿ ಡಾಕ್ಟರೇಟನ್ನೂ ಪಡೆದರು.

ಅವರ ಡಾಕ್ಟರೇಟ್ ಸಂಶೋಧನೆಯಲ್ಲಿಯೇ ಮುಂದಿನ ದಾರಿಯ ಸುಳಿವಿದೆ. ಸಾವಿರಾರು ಸಾಲುಗಳ ಕ್ರಮವಿಧಿಯಲ್ಲಿ ಎಲ್ಲೋ ಒಂದು ದೋಷ ಅಡಗಿದ್ದಾಗ ಅನುಭವಿ ತಂತ್ರಜ್ಞನು ಏನು ಮಾಡುತ್ತಾನೆ? ಎಲ್ಲ ಸಾಲುಗಳನ್ನೂ ಓದುತ್ತಾ ಕೂಡುವುದಿಲ್ಲ. ತಪ್ಪಾದ ಉತ್ತರದ ಮೇಲೆ ಪ್ರಭಾವ ಬೀರಬಲ್ಲ ಸಾಲುಗಳನ್ನಷ್ಟೇ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ, ಮನಸ್ಸಿನಲ್ಲಿಯೇ ಬೇರ್ಪಡಿಸಿಕೊಳ್ಳುತ್ತಾನೆ. ಇದನ್ನು ಗಮನಿಸಿದ ವೈಸರ್ ಅವರು ಅದೇ ಕೆಲಸವನ್ನು ಯಂತ್ರವೇ ಮಾಡಿಕೊಡುವ ವಿಧಾನವೊಂದನ್ನು ರೂಪಿಸಿದರು. ಪ್ರೋಗ್ರಾಂ ಸ್ಲೈಸಿಂಗ್ ಎಂದು ಹೆಸರಾದ ಈ ವಿಧಾನ ತಂತ್ರಾಂಶ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂದಿಗೂ ಪಠ್ಯವಾಗಿದೆ. ಮೊದಲು ಮನುಷ್ಯನು ಹೇಗೆ ಯೋಚಿಸುತ್ತಾನೆಂದು ನೋಡುವುದು, ಅನಂತರ ಅದಕ್ಕೊಪ್ಪುವ ಯಂತ್ರವನ್ನು ಕಟ್ಟುವುದು ಎಂಬ ಈ ಕ್ರಮವನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

1979ರಿಂದ ಸುಮಾರು ಎಂಟು ವರ್ಷಗಳ ಕಾಲ ಅವರು ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಪಾರ್ಕ್ ಅನ್ನು ಸೇರಿದರು. ಮರುವರ್ಷವೇ ಅಲ್ಲಿನ ಗಣಕ ವಿಜ್ಞಾನ ಪ್ರಯೋಗಾಲಯದ ಮುಖ್ಯಸ್ಥರಾದರು.

ಜೆರಾಕ್ಸ್ ಯಂತ್ರ ಕಲಿಸಿದ ಪಾಠ

ನಮ್ಮಲ್ಲಿ ಕಾಗದದ ನಕಲು ತೆಗೆಸುವುದಕ್ಕೇ ಜೆರಾಕ್ಸ್ ಎಂಬ ಹೆಸರು ಬಿದ್ದಿದೆ. ಆದರೆ ಗಣಕ ಜಗತ್ತಿನಲ್ಲಿ ಜೆರಾಕ್ಸ್ ಪಾರ್ಕ್‌ಗೆ ಬೇರೆಯದೇ ಕೀರ್ತಿ. 1970ರಲ್ಲಿ ಆರಂಭವಾದ ಈ ಕೇಂದ್ರದಲ್ಲಿಯೇ 1973ರಲ್ಲಿ ಆಲ್ಟೊ ಎಂಬ ಗಣಕ ರೂಪುಗೊಂಡಿತು. ಕಿಟಕಿಗಳಂತಹ ಚೌಕಟ್ಟುಗಳು, ಮೌಸ್, ಕಚೇರಿಯ ಗಣಕಗಳನ್ನೆಲ್ಲ ಬೆಸೆಯುವ ಈಥರ್‌ನೆಟ್ ಜಾಲ ಇವೆಲ್ಲವೂ ಒಂದೆಡೆ ಕೂಡಿದ್ದು ಅಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಗಣಕ ಎಂಬ ಕಲ್ಪನೆಯ ತವರುಮನೆ ಅದು. ಅಂತಹ ಮನೆಯೊಳಗೇ ನಿಂತು, ಒಬ್ಬರಿಗೊಂದು ಗಣಕ ಎಂಬ ಕಲ್ಪನೆಯೇ ದಾರಿ ತಪ್ಪಿದೆ ಎಂದು ವೈಸರ್ ಅವರು ವಾದಿಸಿದರು ಎಂಬುದು ಗಮನಾರ್ಹ.

ಈ ವಾದಕ್ಕೆ ಹಿನ್ನೆಲೆಯಾಗಿ ನಿಂತವರು ಅದೇ ಕೇಂದ್ರದಲ್ಲಿದ್ದ ಮಾನವಶಾಸ್ತ್ರಜ್ಞರು. ಅವರಲ್ಲಿ ಲೂಸಿ ಸಚ್‌ಮನ್ ಪ್ರಮುಖರು. ಬಳಸುವವರಿಗೆ ತಾನೇ ಸೂಚನೆ ಕೊಡಬಲ್ಲ ನಕಲು ಯಂತ್ರದ ಮುಂದೆ ಜನರನ್ನು ನಿಲ್ಲಿಸಿ, ಅವರ ಪಾಡನ್ನು ಸಚ್‌ಮನ್ ಚಿತ್ರೀಕರಿಸಿದ್ದರು. ನುರಿತ ಗಣಕ ವಿಜ್ಞಾನಿಗಳೇ ಎರಡು ಬದಿಯ ನಕಲು ತೆಗೆಯಲಾಗದೆ ತಿಣುಕಾಡಿದ್ದು ಅದರಲ್ಲಿ ದಾಖಲಾಯಿತು. ಕಾರಣ ಸರಳವಾಗಿತ್ತು. ಮನುಷ್ಯನು ಹೀಗೆಯೇ ಹಂತಹಂತವಾಗಿ ನಡೆಯುತ್ತಾನೆಂದು ಯಂತ್ರವು ಮೊದಲೇ ತೀರ್ಮಾನಿಸಿಕೊಂಡಿತ್ತು. ಆತ ಗೊಂದಲಗೊಂಡು ಬೇರೆ ದಾರಿ ಹಿಡಿದದ್ದು ಅದಕ್ಕೆ ಕಾಣುತ್ತಿರಲಿಲ್ಲ. ಯಂತ್ರಕ್ಕೆ ಸೂಚನೆಗಳಿದ್ದವು, ಸಂದರ್ಭದ ಅರಿವಿರಲಿಲ್ಲ. 1987ರಲ್ಲಿ ಪ್ರಕಟವಾದ ಸಚ್‌ಮನ್ ಅವರ ಗ್ರಂಥ ಈ ಪಾಠವನ್ನು ವಿಸ್ತಾರವಾಗಿ ವಿವರಿಸಿತು.

ಅದೇ ಸುಮಾರಿಗೆ ಕೇಂದ್ರದ ಮತ್ತೊಂದು ವಿಭಾಗದವರು ಗೋಡೆಯಷ್ಟು ದೊಡ್ಡ ಚಪ್ಪಟೆ ಪರದೆಗಳನ್ನು ತಯಾರಿಸುವ ಪ್ರಸ್ತಾವ ತಂದಿದ್ದರು. ಗಣಕವು ಪೆಟ್ಟಿಗೆಯಿಂದ ಹೊರಬಂದು ಗೋಡೆಯಲ್ಲಿ, ಕೈಯಲ್ಲಿ, ಜೇಬಿನಲ್ಲಿ ಹಂಚಿಹೋದರೆ ಹೇಗೆ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. 1988ರಲ್ಲಿ ವೈಸರ್ ಅವರ ನೇತೃತ್ವದಲ್ಲಿ ಸರ್ವವ್ಯಾಪಿ ಗಣನೆಯ ಕಾರ್ಯಕ್ರಮ ಆರಂಭವಾಯಿತು.

ಅಂಗೈ, ಪುಸ್ತಕ, ಗೋಡೆ

ವೈಸರ್ ಅವರ ತಂಡ ಮೂರು ಅಳತೆಯ ಸಾಧನಗಳನ್ನು ನಿರ್ಮಿಸಲು ಮುಂದಾಯಿತು. ಅಂಗೈಯಲ್ಲಿ ಹಿಡಿಸುವ ಟ್ಯಾಬ್, ಪುಸ್ತಕದ ಗಾತ್ರದ ಪ್ಯಾಡ್, ಶಾಲೆಯ ಕರಿಹಲಗೆಯಷ್ಟು ದೊಡ್ಡದಾದ ಬೋರ್ಡ್. ಇಂದಿನ ಮೊಬೈಲ್, ಟ್ಯಾಬ್ಲೆಟ್ ಹಾಗೂ ತರಗತಿಗಳ ಡಿಜಿಟಲ್ ಫಲಕಗಳನ್ನು ನೆನೆದರೆ ಈ ಮೂರರ ಪರಿಚಯ ಬೇರೆ ಬೇಕಿಲ್ಲ. ಆದರೆ ಒಂದು ಮುಖ್ಯ ವ್ಯತ್ಯಾಸವಿತ್ತು. ವೈಸರ್ ಅವರ ಕಲ್ಪನೆಯಲ್ಲಿ ಪ್ಯಾಡ್ ಯಾರೊಬ್ಬರ ಸ್ವತ್ತೂ ಅಲ್ಲ. ಮೇಜಿನ ಮೇಲೆ ಹರಡಿದ ಬಿಳಿ ಹಾಳೆಗಳಂತೆ, ಕೈಗೆ ಸಿಕ್ಕ ಒಂದನ್ನು ಎತ್ತಿಕೊಂಡು ಕೆಲಸ ಮುಗಿದ ಮೇಲೆ ಅಲ್ಲಿಯೇ ಬಿಟ್ಟು ಹೋಗುವಂಥದ್ದು.

ಸಂದರ್ಭದ ಅರಿವು ಮೊದಲು ಮೈಗೂಡಿದ್ದು ಟ್ಯಾಬ್‌ನಲ್ಲಿ. ಇದರ ಹಿಂದೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದ ಕೆಲಸವೂ ಇತ್ತು. ಅಲ್ಲಿ ರಾಯ್ ವಾಂಟ್ ಮತ್ತು ಸಂಗಡಿಗರು ಉಡುಪಿಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಯೊಂದನ್ನು ತಯಾರಿಸಿದ್ದರು. ಅದು ಸುಮಾರು 15 ಸೆಕೆಂಡುಗಳಿಗೊಮ್ಮೆ ಅವಕೆಂಪು ಕಿರಣದ ಮೂಲಕ ತನ್ನ ಗುರುತನ್ನು ಹೊರಸೂಸುತ್ತಿತ್ತು. ಕೋಣೆಯಲ್ಲಿದ್ದ ಗ್ರಾಹಕವು ಅದನ್ನು ಹಿಡಿದು, ಯಾರು ಎಲ್ಲಿದ್ದಾರೆಂದು ತಿಳಿಸುತ್ತಿತ್ತು. ಕಚೇರಿಗೆ ಬಂದ ದೂರವಾಣಿ ಕರೆಯನ್ನು ಆ ವ್ಯಕ್ತಿ ಇರುವ ಕೋಣೆಗೇ ದಾಟಿಸುವುದು ಇದರಿಂದ ಸಾಧ್ಯವಾಯಿತು. ವಾಂಟ್ ಮುಂದೆ ಪಾರ್ಕ್ ಸೇರಿ ವೈಸರ್ ಅವರ ತಂಡದವರಾದರು.

ಪಾರ್ಕ್‌ಟ್ಯಾಬ್ ಎಂಬ ಸಾಧನಕ್ಕೆ ಇದ್ದದ್ದು 128 ಮತ್ತು 64 ಚುಕ್ಕೆಗಳ ಪುಟ್ಟ ಪರದೆ ಹಾಗೂ ಮೂರು ಗುಂಡಿಗಳು. ಕೋಣೆಯ ಚಾವಣಿಯಲ್ಲಿ ಅಳವಡಿಸಿದ ಅವಕೆಂಪು ಕಿರಣದ ಘಟಕದೊಂದಿಗೆ ಅದು ಮಾತನಾಡುತ್ತಿತ್ತು. ಈ ಕಿರಣ ಗೋಡೆಯನ್ನು ದಾಟಲಾರದು. ಹೀಗಾಗಿ ಟ್ಯಾಬ್ ಯಾವ ಕೋಣೆಯಲ್ಲಿದೆ ಎಂಬುದು ವ್ಯವಸ್ಥೆಗೆ ತಾನಾಗಿಯೇ ತಿಳಿಯುತ್ತಿತ್ತು.

ಈ ಅರಿವಿನಿಂದ ಏನೆಲ್ಲ ಮಾಡಬಹುದೆಂಬುದನ್ನು ಬಿಲ್ ಶಿಲಿಟ್, ನಾರ್ಮನ್ ಆಡಮ್ಸ್ ಮತ್ತು ರಾಯ್ ವಾಂಟ್ 1994ರ ಪ್ರಬಂಧವೊಂದರಲ್ಲಿ ವಿಂಗಡಿಸಿದರು. ಕಾಂಟೆಕ್ಸ್ಟ್ ಅವೇರ್ ಎಂಬ ಮಾತು ಗಣಕ ವಿಜ್ಞಾನದಲ್ಲಿ ನೆಲೆಯೂರಿದ್ದು ಆ ವರ್ಷದ ಬರಹಗಳಿಂದಲೇ. ಬಳಸುವವನು ಎಲ್ಲಿದ್ದಾನೆ, ಯಾರೊಂದಿಗಿದ್ದಾನೆ, ಸುತ್ತಲೂ ಯಾವ ಸೌಲಭ್ಯಗಳಿವೆ ಎಂಬ ಮೂರು ಪ್ರಶ್ನೆಗಳನ್ನು ಅವರು ಸಂದರ್ಭದ ತಿರುಳೆಂದು ಗುರುತಿಸಿದರು. ಮುದ್ರಿಸಲು ಹೊರಟರೆ ಪಟ್ಟಿಯಲ್ಲಿ ಹತ್ತಿರದ ಮುದ್ರಣ ಯಂತ್ರವೇ ಮೊದಲು ಕಾಣಿಸಿಕೊಳ್ಳಬೇಕು. ಕೋಣೆಗೆ ಕಾಲಿಟ್ಟೊಡನೆ ಆ ಕೋಣೆಯ ಸಭೆಯ ಟಿಪ್ಪಣಿಗಳ ಫಲಕವೇ ಕೈಯಲ್ಲಿನ ಪರದೆಯಲ್ಲಿ ತೆರೆದುಕೊಳ್ಳಬೇಕು. ನಿರ್ದಿಷ್ಟ ಸನ್ನಿವೇಶ ಒದಗಿದಾಗ ನಿರ್ದಿಷ್ಟ ಕ್ರಿಯೆ ತಾನಾಗಿ ನಡೆಯಬೇಕು. ಅಡುಗೆಮನೆಯ ಕಾಫಿ ಯಂತ್ರದಲ್ಲಿ ಯಾರಾದರೂ ಕಾಫಿ ಮಾಡಿದಾಗ ಗಣಕವು ಹುಂಜದ ಕೂಗನ್ನು ಹಾಕುವ ವಿನೋದದ ಉದಾಹರಣೆಯೂ ಆ ಪ್ರಬಂಧದಲ್ಲಿದೆ.

ಕನ್ನಡಕ ಮತ್ತು ಊರುಗೋಲು

1991ರ ಸೆಪ್ಟೆಂಬರ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ವೈಸರ್ ಅವರ ಲೇಖನವೊಂದು ಪ್ರಕಟವಾಯಿತು. ಇಪ್ಪತ್ತೊಂದನೆಯ ಶತಮಾನದ ಗಣಕ ಹೇಗಿರಬೇಕೆಂಬುದು ಅದರ ವಸ್ತು. ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದವರ ಕೈಬರಹ ಅದರಲ್ಲಿ ಎದ್ದು ಕಾಣುತ್ತದೆ. ಅಕ್ಷರವನ್ನು ಅವರು ಉದಾಹರಣೆಯಾಗಿ ತೆಗೆದುಕೊಂಡರು. ಬಸ್ಸಿನ ಫಲಕ, ಅಂಗಡಿಯ ನಾಮಫಲಕ, ಮಿಠಾಯಿಯ ಹೊದಿಕೆ ಹೀಗೆ ಎಲ್ಲೆಡೆ ಅಕ್ಷರವಿದೆ. ಆದರೆ ಅದನ್ನು ಓದುತ್ತಿದ್ದೇವೆಂಬ ಪ್ರಯಾಸದ ಅರಿವೇ ನಮಗಿರುವುದಿಲ್ಲ. ವಿದ್ಯುತ್ ಮೋಟಾರಿನ ಕಥೆಯೂ ಹಾಗೆಯೇ. ಒಂದು ಕಾಲದಲ್ಲಿ ಇಡೀ ಕಾರ್ಖಾನೆಗೆ ಒಂದೇ ಯಂತ್ರ ಶಕ್ತಿ ಒದಗಿಸುತ್ತಿತ್ತು. ಕ್ರಮೇಣ ಪುಟ್ಟ ಮೋಟಾರುಗಳು ಅಗ್ಗವಾಗಿ ಪ್ರತಿ ಉಪಕರಣದೊಳಗೂ ಸೇರಿಕೊಂಡು ಮರೆಯಾದವು. ಗಣಕವೂ ಹೀಗೆ ಮರೆಯಾಗಬೇಕು ಎಂಬುದು ಅವರ ನಿಲುವು.

1994ರಲ್ಲಿ ಬರೆದ ಮತ್ತೊಂದು ಲೇಖನದಲ್ಲಿ ಅವರು ಕನ್ನಡಕವನ್ನು ನೆನಪಿಸಿದರು. ಕನ್ನಡಕ ಧರಿಸಿದವನು ನೋಡುವುದು ಲೋಕವನ್ನೇ ಹೊರತು ಕನ್ನಡಕವನ್ನಲ್ಲ. ಅಂಧನ ಕೈಯ ಊರುಗೋಲು ಅವನಿಗೆ ತಿಳಿಸುವುದು ಬೀದಿಯನ್ನು, ಕೋಲನ್ನಲ್ಲ. ಒಳ್ಳೆಯ ಉಪಕರಣದ ಲಕ್ಷಣ ಇದು. ಮನುಷ್ಯನಂತೆ ಮಾತನಾಡಿ ಗಮನ ಸೆಳೆಯುವ ಯಾಂತ್ರಿಕ ಸಹಾಯಕರು, ಕಣ್ಣಿಗೆ ಪರದೆ ಕಟ್ಟಿ ಬೇರೊಂದು ಲೋಕಕ್ಕೆ ಒಯ್ಯುವ ಸಾಧನಗಳು ಈ ಲಕ್ಷಣಕ್ಕೆ ವಿರುದ್ಧವಾದವು ಎಂದು ಅವರು ಅಂದೇ ಆಕ್ಷೇಪಿಸಿದ್ದರು.

ಕಾಡಿದ ಪ್ರಶ್ನೆ

ಸಂದರ್ಭವನ್ನು ಅರಿಯುವ ಯಂತ್ರವು ಮನುಷ್ಯನನ್ನು ಸದಾ ಗಮನಿಸುತ್ತಿರಲೇಬೇಕು. ಹಾಗೆ ಗಮನಿಸಿದ್ದು ಯಾರ ಕೈ ಸೇರುತ್ತದೆ? ಈ ಪ್ರಶ್ನೆಯನ್ನು ಟೀಕಾಕಾರರು ಎತ್ತುವ ಮೊದಲೇ ವೈಸರ್ ಅವರು ತಾವೇ ಎತ್ತಿದ್ದರು. ಪ್ರತಿ ಕೋಣೆಯಲ್ಲಿಯೂ ನೂರಾರು ಗಣಕಗಳು ನೆಲೆಸಿ, ಬಳಿಯಲ್ಲಿರುವವರನ್ನು ಗುರುತಿಸಿ, ಪರಸ್ಪರ ಸುದ್ದಿ ದಾಟಿಸುವ ಲೋಕದಲ್ಲಿ ಹಿಂದೆಂದೂ ಕಾಣದ ಸರ್ವಾಧಿಕಾರ ತಲೆಯೆತ್ತಬಹುದೆಂದು ಅವರು 1991ರ ಲೇಖನದಲ್ಲಿಯೇ ಎಚ್ಚರಿಸಿದ್ದರು.

ಎಚ್ಚರಿಕೆಯ ಮಾತಿಗಷ್ಟೇ ಅದು ನಿಲ್ಲಲಿಲ್ಲ. ಅವರ ಪ್ರಯೋಗಾಲಯದ ಮೈಕ್ ಸ್ಪ್ರೈಟ್ಜರ್ ಮತ್ತು ಮಾರ್ವಿನ್ ಥೈಮರ್ 1993ರಲ್ಲಿ ಒಂದು ವಿನ್ಯಾಸವನ್ನು ಮಂಡಿಸಿದರು. ಅದರಂತೆ ಪ್ರತಿಯೊಬ್ಬ ವ್ಯಕ್ತಿಗೂ ಅವನದೇ ಆದ ಒಂದು ಪ್ರತಿನಿಧಿ ತಂತ್ರಾಂಶವಿರುತ್ತದೆ. ಆತ ಎಲ್ಲಿದ್ದಾನೆಂಬ ಮಾಹಿತಿ ಸೇರುವುದು ಆ ಪ್ರತಿನಿಧಿಯ ಬಳಿಗೆ. ಬೇರೆಯವರು ಕೇಳಿದಾಗ ಹೇಳಬೇಕೆ, ಬೇಡವೆ, ಎಷ್ಟು ಹೇಳಬೇಕು ಎಂಬುದನ್ನು ಆತನ ಇಚ್ಛೆಯಂತೆ ಅದು ನಿರ್ಧರಿಸುತ್ತದೆ. ಸೇವೆ ಬೇಕೆಂದರೆ ಗುಟ್ಟು ಬಿಟ್ಟುಕೊಡಲೇಬೇಕು ಎಂಬ ಮಾತನ್ನು ಒಪ್ಪದ ವಿನ್ಯಾಸ ಇದು. ಮಾಹಿತಿಯ ಬೀಗದಕೈ ಬಳಸುವವನ ಬಳಿಯೇ ಇರುವಂತೆಯೂ ವ್ಯವಸ್ಥೆಯನ್ನು ಕಟ್ಟಬಹುದೆಂದು 1993ರಲ್ಲಿಯೇ ತೋರಿಸಲಾಗಿತ್ತು.

ಚಾವಣಿಯಿಂದ ತೂಗುಬಿದ್ದ ದಾರ

ತೊಂಬತ್ತರ ದಶಕದ ನಡುವಿನಲ್ಲಿ ವೈಸರ್ ಅವರು ಪಾರ್ಕ್‌ನ ಜಾನ್ ಸೀಲಿ ಬ್ರೌನ್ ಅವರೊಡಗೂಡಿ ಶಾಂತ ತಂತ್ರಜ್ಞಾನ ಎಂಬ ವಿಚಾರವನ್ನು ಮುಂದಿಟ್ಟರು. ಗಣಕಗಳು ಎಲ್ಲೆಡೆ ತುಂಬಿದಾಗ ಪ್ರತಿಯೊಂದೂ ನಮ್ಮ ಗಮನಕ್ಕಾಗಿ ಕೂಗಿದರೆ ಬದುಕು ಸಂತೆಯಾಗುತ್ತದೆ. ಆದುದರಿಂದ ಅವು ಗಮನದ ಅಂಚಿನಲ್ಲಿ ಸದ್ದಿಲ್ಲದೆ ಇದ್ದು, ಬೇಕಾದಾಗ ಮಾತ್ರ ನಡುವಿಗೆ ಬರಬೇಕು ಎಂಬುದು ಅದರ ಸಾರ.

ಇದಕ್ಕೆ ಅವರು ಕೊಡುತ್ತಿದ್ದ ಉದಾಹರಣೆ ಕಲಾವಿದೆ ನಟಾಲಿ ಜೆರೆಮಿಜೆಂಕೊ ಅವರು ಪಾರ್ಕ್‌ನಲ್ಲಿ ರಚಿಸಿದ ಕೃತಿ. ಚಾವಣಿಗೆ ಅಳವಡಿಸಿದ ಪುಟ್ಟ ಮೋಟಾರಿನಿಂದ ಎಂಟು ಅಡಿ ಉದ್ದದ ಪ್ಲಾಸ್ಟಿಕ್ ದಾರವೊಂದು ತೂಗುಬಿದ್ದಿತ್ತು. ಮೋಟಾರಿಗೆ ಕಟ್ಟಡದ ಗಣಕ ಜಾಲದ ತಂತಿಯ ಸಂಪರ್ಕವಿತ್ತು. ಜಾಲದಲ್ಲಿ ಸಂದೇಶಗಳ ಸಂಚಾರ ವಿರಳವಾಗಿದ್ದಾಗ ದಾರವು ಆಗೊಮ್ಮೆ ಈಗೊಮ್ಮೆ ಮಿಡಿಯುತ್ತಿತ್ತು. ದಟ್ಟಣೆ ಹೆಚ್ಚಾದಾಗ ಸುಯ್ಯೆಂದು ಗಿರಗಿರನೆ ತಿರುಗುತ್ತಿತ್ತು. ಪರದೆಯಿಲ್ಲ, ಅಂಕಿಗಳಿಲ್ಲ, ಎಚ್ಚರಿಕೆಯ ಗಂಟೆಯಿಲ್ಲ. ಮೊಗಸಾಲೆಯಲ್ಲಿ ಹಾದುಹೋಗುವವರಿಗೆ ಜಾಲದ ಸ್ಥಿತಿ ಓರೆಗಣ್ಣಿಗೇ ತಿಳಿಯುತ್ತಿತ್ತು. ಮಳೆಯ ಸದ್ದು ಕೇಳಿ ಹೊರಗಿನ ಹವೆಯನ್ನು ಅರಿಯುವಂತೆ.

ವೈಸರ್ ಅವರು ಪ್ರಯೋಗಾಲಯಕ್ಕಷ್ಟೇ ಸೀಮಿತರಾದವರಲ್ಲ. ಸಿವಿಯರ್ ಟೈರ್ ಡ್ಯಾಮೇಜ್ ಎಂಬ ರಾಕ್ ವಾದ್ಯತಂಡದಲ್ಲಿ ಅವರು ಡ್ರಮ್ ನುಡಿಸುತ್ತಿದ್ದರು. 1993ರ ಜೂನ್ 24ರಂದು ಈ ತಂಡ ಪಾರ್ಕ್‌ನಿಂದ ನೀಡಿದ ಕಾರ್ಯಕ್ರಮ ಅಂತರಜಾಲದಲ್ಲಿ ನೇರವಾಗಿ ಪ್ರಸಾರವಾಯಿತು. ಅಂತರಜಾಲದಲ್ಲಿ ನೇರಪ್ರಸಾರಗೊಂಡ ಮೊದಲ ವಾದ್ಯತಂಡವೆಂದು ಅದನ್ನು ಗುರುತಿಸಲಾಗಿದೆ. 1994ರ ನವೆಂಬರ್‌ನಲ್ಲಿ ಜಗತ್ಪ್ರಸಿದ್ಧ ರೋಲಿಂಗ್ ಸ್ಟೋನ್ಸ್ ತಂಡ ಇದೇ ಬಗೆಯ ಪ್ರಸಾರಕ್ಕೆ ಸಜ್ಜಾದಾಗ, ಅದಕ್ಕೂ ಮುಂಚೆ ಅದೇ ಜಾಲದಲ್ಲಿ ಕರೆಯದೆ ಬಂದು ಹಾಡಿ ಹೋದವರೂ ಇವರೇ.

ಬೆಳಕಿಗೆ ಬಾರದ ಕೊಡುಗೆಗಳೂ ಹಲವು. ಕೆಲಸದ ಒತ್ತಡವಿಲ್ಲದಾಗ ಗಣಕದ ಮುಖ್ಯ ಚಿಪ್ಪಿನ ವೇಗವನ್ನು ತಗ್ಗಿಸಿ ವಿದ್ಯುತ್ ಉಳಿಸುವ ಬಗ್ಗೆ ಅವರೂ ಸಂಗಡಿಗರೂ 1994ರಲ್ಲಿ ಬರೆದ ಪ್ರಬಂಧ ಆ ಕ್ಷೇತ್ರದ ಆರಂಭಿಕ ಕೃತಿಗಳಲ್ಲೊಂದು. ಇಂದಿನ ಮೊಬೈಲ್‌ಗಳ ಬ್ಯಾಟರಿ ಹೆಚ್ಚು ಹೊತ್ತು ಬಾಳುವುದರ ಹಿಂದೆ ಈ ತತ್ತ್ವವಿದೆ.

ಅಕಾಲಿಕ ಅಗಲಿಕೆ

1996ರಲ್ಲಿ ವೈಸರ್ ಅವರು ಪಾರ್ಕ್‌ನ ಮುಖ್ಯ ತಂತ್ರಜ್ಞಾನ ಅಧಿಕಾರಿಯಾದರು. 1999ರಲ್ಲಿ ಅವರಿಗೆ ಕ್ಯಾನ್ಸರ್ ತಗುಲಿರುವುದು ಪತ್ತೆಯಾಯಿತು. ಅದಾಗಿ ಕೆಲವೇ ವಾರಗಳಲ್ಲಿ, ಏಪ್ರಿಲ್ 27ರಂದು ಅವರು ನಿಧನರಾದರು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕಾರ್ಲ್‌ಸ್ರೂಹೆಯಲ್ಲಿ ಸರ್ವವ್ಯಾಪಿ ಗಣನೆಯ ವಿದ್ವಾಂಸರು ಮೊದಲ ಬಾರಿಗೆ ಸಮಾವೇಶಗೊಂಡರು. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಅನಿಂದ್ ಡೇ, ಗ್ರೆಗರಿ ಅಬೌಡ್ ಮುಂತಾದವರು ಸಂದರ್ಭ ಎಂಬ ಪದದ ಅರ್ಥವನ್ನು ಅಲ್ಲಿ ಹಿಗ್ಗಿಸಿದರು. ಸ್ಥಳ, ಸಂಗಡಿಗರು ಮಾತ್ರವಲ್ಲ, ವ್ಯಕ್ತಿಯ ಅಥವಾ ವಸ್ತುವಿನ ಸ್ಥಿತಿಯನ್ನು ತಿಳಿಸಬಲ್ಲ ಯಾವ ಮಾಹಿತಿಯಾದರೂ ಸಂದರ್ಭವೇ ಎಂಬ ಅವರ ವ್ಯಾಖ್ಯೆ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. ಗಣಕ ವೃತ್ತಿಪರರ ಸಂಘಟನೆಯಾದ ಎಸಿಎಂನ ಕಾರ್ಯಾಚರಣಾ ವ್ಯವಸ್ಥೆಗಳ ವಿಭಾಗವು 2001ರಲ್ಲಿ ವೈಸರ್ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. 2023ರಲ್ಲಿ ಜಾನ್ ಟಿನ್ನೆಲ್ ಬರೆದ ಅವರ ಜೀವನ ಚರಿತ್ರೆ ಹೊರಬಂದಿತು. ಅದರ ಹೆಸರಿನಲ್ಲಿ ವೈಸರ್ ಅವರನ್ನು ಪಾಲೊ ಆಲ್ಟೊದ ತತ್ತ್ವಜ್ಞಾನಿ ಎಂದು ಕರೆಯಲಾಗಿದೆ.

ಅರ್ಧ ನನಸಾದ ಕನಸು

2007ರಲ್ಲಿ ಐಫೋನ್ ಬಂದ ಮೇಲೆ ಗಣಕವು ನಿಜಕ್ಕೂ ಸರ್ವವ್ಯಾಪಿಯಾಯಿತು. ಅದಕ್ಕೆ ನಮ್ಮ ಸಂದರ್ಭವೂ ತಿಳಿಯಿತು. ಆದರೆ ವೈಸರ್ ಅವರ ವಿಚಾರದ ಇನ್ನೊಂದು ಅರ್ಧ ಹಿಂದೆಯೇ ಉಳಿಯಿತು. ಯಂತ್ರ ಮರೆಯಾಗಲಿಲ್ಲ, ನಿಮಿಷಕ್ಕೊಮ್ಮೆ ಕರೆದು ತನ್ನತ್ತಲೇ ನೋಡುವಂತೆ ಮಾಡಿತು. ನಾವು ಎಲ್ಲಿದ್ದೇವೆಂಬ ಅರಿವನ್ನು ನಮ್ಮ ಪ್ರತಿನಿಧಿ ಕಾಯಲಿಲ್ಲ. ಜಾಹೀರಾತುದಾರರ ಲೆಕ್ಕದ ಪುಸ್ತಕಕ್ಕೆ ಅದು ಸೇರಿತು. ಗಮನಿಸುವ ವಿದ್ಯೆಯನ್ನು ಕಂಪನಿಗಳು ಕಲಿತವು, ಹಿಂದೆ ಸರಿಯುವ ವಿನಯವನ್ನು ಕಲಿಯಲಿಲ್ಲ.

ಈ ಚರ್ಚೆ ನಮಗೆ ದೂರದ್ದೇನೂ ಅಲ್ಲ. ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ್ದ ಪ್ರಕರಣದಲ್ಲಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಸಂಸತ್ತು ಅಂಗೀಕಾರ ನೀಡಿತು. ಪಾಲೊ ಆಲ್ಟೊದ ಪ್ರಯೋಗಾಲಯದಲ್ಲಿ ವಿನ್ಯಾಸದ ಪ್ರಶ್ನೆಯಾಗಿದ್ದದ್ದು ಇಂದು ಕಾನೂನಿನ ಪ್ರಶ್ನೆಯೂ ಆಗಿದೆ.

ಹೊಸ ತಂತ್ರಾಂಶಗಳನ್ನು ರೂಪಿಸುವ ಸಹಸ್ರಾರು ಯುವ ತಂತ್ರಜ್ಞರಿರುವ ನಾಡು ನಮ್ಮದು. ಬಳಸುವವರನ್ನು ಅರಿಯುವ ವ್ಯವಸ್ಥೆಯನ್ನು ಕಟ್ಟಲು ಹೊರಟವರು ಮಾರ್ಕ್ ವೈಸರ್ ಅವರ ಬದುಕಿನಿಂದ ಎರಡು ಪ್ರಶ್ನೆಗಳನ್ನು ಎತ್ತಿಕೊಳ್ಳಬಹುದು. ಈ ಯಂತ್ರ ತಿಳಿದುಕೊಂಡದ್ದರ ಮೇಲೆ ಒಡೆತನ ಯಾರದು? ಕೆಲಸ ಮುಗಿದ ಮೇಲೆ ಅದು ಸುಮ್ಮನಾಗುತ್ತದೆಯೇ? ಸಾಧನಗಳು ಬದಲಾಗಿವೆ, ಪ್ರಶ್ನೆಗಳು ಮಾತ್ರ 1991ರಲ್ಲಿದ್ದಂತೆಯೇ ಉಳಿದಿವೆ.